ಮಗನ ಜೊತೆ ತರಗತಿಯಲ್ಲಿ ಅಮ್ಮನೂ ಕೂರಬೇಕಾ?

ತಿಪಟೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನನ್ನ ಮಗನಿಗೆ ಏಳು ವರ್ಷ. ಮೂರು ತುಂಬಿದರೂ ಮಾತು ಬಂದಿರಲಿಲ್ಲ. ಗಂಡುಮಕ್ಕಳಿಗೆ ಮಾತು ತಡ ಅಂತ ಎಲ್ಲರೂ ಹೇಳಿದರು, ನಾವೂ ಕಾದೆವು. ನಾಲ್ಕು ವರ್ಷವಾದ ಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋದಾಗ ಆಟಿಸಂ ಎಂದು ಗೊತ್ತಾಯಿತು. ಈಗ ಇಪ್ಪತ್ತು ಮೂವತ್ತು ಪದ ಹೇಳುತ್ತಾನೆ. ಜಾಸ್ತಿ ಹೊತ್ತು ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟ್ ಹೇಳಿಕೊಂಡು ಓಡಾಡುತ್ತಾನೆ. ಅಂಕಿ, ಅಕ್ಷರ ಎಲ್ಲ ಯಾರೂ ಕೂರಿಸಿ ಹೇಳಿಕೊಡದೆ ಕಲಿತ.

ಮನೆ ಹತ್ತಿರದ ಒಂದು ಖಾಸಗಿ ಶಾಲೆಯಲ್ಲಿ ಎಲ್‌ಕೆಜಿ, ಯುಕೆಜಿ ಮುಗಿಸಿದ. ಈಗ ಒಂದನೇ ತರಗತಿ. ದಿನಾ ಮಧ್ಯಾಹ್ನ ಎದ್ದು ಹೊರಗೆ ಓಡುತ್ತಾನಂತೆ. ಒಂದು ಸಲ ಗೇಟಿನವರೆಗೂ ಹೋಗಿದ್ದ. ಕಳೆದ ವಾರ ಕರೆಸಿ ಹೇಳಿದರು: ಇನ್ನು ಮುಂದೆ ನೀವು ದಿನವಿಡೀ ಜೊತೆಯಲ್ಲಿ ಕೂರಿ, ಇಲ್ಲ ನಿಮ್ಮ ದುಡ್ಡಿನಲ್ಲೇ ಶ್ಯಾಡೋ ಟೀಚರ್ (ಅವನೊಬ್ಬನ ಜೊತೆಗೇ ಇರುವ ಟೀಚರ್) ಇಡಿ, ಎರಡೂ ಆಗದಿದ್ದರೆ ಟಿಸಿ ತೆಗೆದುಕೊಳ್ಳಿ.

ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಅವನು ಶಾಲೆಗೆ ಹೋದಾಗ ಮಾತ್ರ ಮೆಷಿನ್ ಮುಂದೆ ಕೂರಲು ಆಗುವುದು. ಮನೆಯವರು ಕೊಬ್ಬರಿ ಮಂಡಿಯಲ್ಲಿದ್ದಾರೆ. ಸ್ಪೀಚ್ ಥೆರಪಿ, ಬಸ್ ಚಾರ್ಜು ಎಲ್ಲ ನನ್ನ ಹೊಲಿಗೆ ದುಡ್ಡಿನಲ್ಲೇ ಆಗಬೇಕು. ಆದರೂ ಸೋಮವಾರದಿಂದ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೇನೆ.

ತಾಯಿಯಾದ ಮೇಲೆ ಇದು ನಿನ್ನ ಕೆಲಸ ಅಂತ ಅತ್ತೆ ಹೇಳುತ್ತಾರೆ. ಹೌದಾ? ನಿಜವಾಗಿಯೂ ಕೇಳುತ್ತಿದ್ದೇನೆ. ಇಂಥ ಮಗುವಿನ ಓದಿನಲ್ಲಿ ಅಪ್ಪ ಅಮ್ಮನ ಪಾಲು ಎಷ್ಟು, ಶಾಲೆಯ ಪಾಲು ಎಷ್ಟು?

ಬಿಆರ್‌ಸಿ ಮೇಷ್ಟ್ರು, ಹಾಸನ

ಮೇಡಂ, ನಾನು ಬಿಐಇಆರ್‌ಟಿ. ಸಮಗ್ರ ಶಿಕ್ಷಣ ಯೋಜನೆಯಡಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಬಿಆರ್‌ಸಿಯಲ್ಲಿ, ಅಂದರೆ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಇರುವ ಶಿಕ್ಷಕರು ನಾವು. ನಿಮ್ಮ ತಾಲ್ಲೂಕಿನ ಬಿಆರ್‌ಸಿಯಲ್ಲೂ ವಿಚಾರಿಸಿ. ಖಾಸಗಿ ಶಾಲೆಯ ಮಗು ಅಂತ ಸಂಕೋಚ ಬೇಡ.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ತೆಗೆದುಹಾಕುವಂತಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ 21 ಬಗೆಯ ನ್ಯೂನತೆಗಳ ಪಟ್ಟಿ ಇದೆ, ಆಟಿಸಂ ಅದರಲ್ಲಿ ಸೇರಿದೆ. ಸರ್ಕಾರದ ಅನುದಾನ ಪಡೆಯುವ ಶಾಲೆಗಳು ಮಾತ್ರವಲ್ಲ, ಬರೀ ಮಾನ್ಯತೆ ಪಡೆದ ಶಾಲೆಗಳೂ ಇಂಥ ಮಕ್ಕಳನ್ನು ಭೇದ ಮಾಡದೆ ಸೇರಿಸಿಕೊಂಡು, ಮಗುವಿಗೆ ಬೇಕಾದ ಹೊಂದಾಣಿಕೆ ಮಾಡಿಕೊಡಬೇಕು. ಅಮ್ಮ ಬಂದು ಕೂರಲೇಬೇಕು ಎಂಬ ಷರತ್ತು ಈ ಕಾಯ್ದೆಗಳಲ್ಲಿ ಎಲ್ಲೂ ಇಲ್ಲ.

ನ್ಯೂನತೆಯ ಸರ್ಟಿಫಿಕೇಟ್ ಮಾಡಿಸಿದ್ದೀರಾ? ಇಲ್ಲದಿದ್ದರೆ ಈ ವಾರವೇ ಯುಡಿಐಡಿಗೆ (ವಿಕಲಚೇತನರ ಗುರುತಿನ ಚೀಟಿಗೆ) ಅರ್ಜಿ ಹಾಕಿ, ಜಿಲ್ಲಾ ಆಸ್ಪತ್ರೆಯಲ್ಲಿ ಯಾವ ದಿನ ತಪಾಸಣೆ ಅಂತ ಕೇಳಿಕೊಳ್ಳಿ. ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ನ್ಯೂನತೆ ಎಂದು ಬಂದರೆ 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣ ಅವನ ಹಕ್ಕು. ಅದು ಹತ್ತಿರದ ಶಾಲೆಯಲ್ಲೇ ಆಗಬಹುದು, ವಿಶೇಷ ಶಾಲೆಯಲ್ಲೇ ಆಗಬಹುದು, ಆಯ್ಕೆ ನಿಮ್ಮದು. ಹಳ್ಳಿಯಲ್ಲಿ ಇರುವವರು ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು (ವಿಕಲಚೇತನರಿಗಾಗಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಹಿಡಿದರೆ ಈ ಓಡಾಟ ಎಷ್ಟೋ ಹಗುರ.

ಇನ್ನೊಂದು ಮಾತು. ಶಾಲೆಯವರು ಬಾಯಲ್ಲಿ ಹೇಳಿದ್ದನ್ನು ಕಾಗದದ ಮೇಲೆ ಕೊಡಲು ಕೇಳಿ. ನಿಮ್ಮ ಮನವಿಯನ್ನೂ ಬರೆದುಕೊಟ್ಟು ಸೀಲು ಹಾಕಿಸಿಕೊಳ್ಳಿ. ಜಗಳ ಮಾಡಬೇಕು ಅಂತಲ್ಲ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋದಾಗ ಕೈಯಲ್ಲಿ ಒಂದು ಕಾಗದ ಇದ್ದರೆ ಮಾತು ಮುಂದೆ ಹೋಗುತ್ತದೆ. ಅಲ್ಲೂ ಆಗದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಲು ಅವಕಾಶವಿದೆ.

ಮೈಸೂರಿನಲ್ಲಿ ಮೂರು ವರ್ಷ

ತಂಗೀ, ನಿನ್ನ ಪ್ರಶ್ನೆ ಓದಿ ನನ್ನ ಹಳೇ ದಿನಗಳು ಕಣ್ಣ ಮುಂದೆ ಬಂದವು.

ನನ್ನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಎರಡೂವರೆ ವರ್ಷದಲ್ಲಿ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಯಂತ್ರ ಹಾಕಿಸಿದೆವು. 1965ರಿಂದ ಇರುವ ಸಂಸ್ಥೆ ಅದು. ಆಮೇಲೆ ಮೈಸೂರಿನಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದು ಮೂರು ವರ್ಷ ಅವಳ ಜೊತೆ ನಾನೂ ಶಾಲೆಗೆ ಹೋದೆ. ತಾಯಂದಿರೂ ಮಕ್ಕಳೂ ಒಟ್ಟಿಗೆ ಕಲಿಯುವ ಶಾಲೆ. ಗದಗ, ರಾಯಚೂರು, ಆಂಧ್ರದ ಕಡೆಯಿಂದೆಲ್ಲ ಬಂದ ಅಮ್ಮಂದಿರು ಇದ್ದರು. ಒಬ್ಬಳಿಗೆ ಓದು ಬರಹವೇ ಬರುತ್ತಿರಲಿಲ್ಲ, ಮಗನಿಗೆ ಕಲಿಸುವುದಕ್ಕಾಗಿ ಅಲ್ಲೇ ಅಕ್ಷರ ಕಲಿತಳು.

ಅಲ್ಲಿ ನಾನು ಕಲಿತದ್ದು ಪಾಠವನ್ನಲ್ಲ, ಮಾತಾಡುವುದನ್ನು. ಬೆಳಗ್ಗೆ ಹಾಲು ಉಕ್ಕಿದರೆ ಅದೇ ಆ ದಿನದ ಪಾಠ. ಹಾಲು ಉಕ್ಕಿತು, ಅಮ್ಮ ಓಡಿದಳು, ಒಲೆ ಒದ್ದೆಯಾಯಿತು. ಚಿತ್ರ ಬರೆದು, ಅವಳ ಮುಖದ ಎದುರು ಕೂತು ಹೇಳಬೇಕು. ಒಂದೇ ಮಾತನ್ನು ನೂರು ಸಲ, ಆದರೆ ಪ್ರತಿ ಸಲ ಹೊಸದರಂತೆ. ಮೂರು ವರ್ಷದ ನಂತರ ಊರಿಗೆ ಬಂದು ಎಲ್ಲ ಮಕ್ಕಳ ಜೊತೆ ಒಂದನೇ ತರಗತಿಗೆ ಸೇರಿದಳು.

ಹಾಗಾಗಿ ತರಗತಿಯಲ್ಲಿ ಅಮ್ಮ ಕೂರುವುದೇ ತಪ್ಪು ಅಂತ ನಾನು ಹೇಳಲಾರೆ. ಆದರೆ ಕಲಿಯಲು ಕೂರುವುದು ಬೇರೆ, ಕಾವಲಿಗೆ ಕೂರುವುದು ಬೇರೆ. ಅಲ್ಲಿ ನನಗೆ ದಿನಾ ಯಾರೋ ಒಬ್ಬರು ಹೇಳಿಕೊಡುತ್ತಿದ್ದರು, ನಾನು ಮಾಡಿದ್ದನ್ನು ನೋಡಿ ತಿದ್ದುತ್ತಿದ್ದರು. ಇಷ್ಟು ದಿನ ಅಂತ ಲೆಕ್ಕ ಇತ್ತು. ನಿನಗೆ ಹೇಳಿರುವುದು ಹಾಗಲ್ಲ. ಮಗು ಓಡದ ಹಾಗೆ ಹಿಡಿದುಕೋ ಅಂತ ಹೇಳಿದ್ದಾರೆ ಅಷ್ಟೇ. ಅದಕ್ಕೆ ಕೊನೆ ಯಾವಾಗ? ಹತ್ತನೇ ತರಗತಿಯ ತನಕ ಹೀಗೇ ಕೂರುತ್ತೀಯಾ?

ಒಂದು ಕೇಳಲಾ? ನಾಲ್ಕು ದಿನ ಕೂತೆಯಲ್ಲ, ಏನು ನೋಡಿದೆ?

ತಿಪಟೂರಿನ ಅಮ್ಮ

ಅಕ್ಕಾ, ನಿಮ್ಮ ಕೊನೆಯ ಪ್ರಶ್ನೆ ಓದಿದ ಮೇಲೆ ನಿನ್ನೆ ಬರೀ ಅವನನ್ನೇ ನೋಡುತ್ತಾ ಕೂತಿದ್ದೆ. ಅದಕ್ಕೂ ಮೊದಲು ಅವನು ಎದ್ದರೆ ಎಳೆದು ಕೂರಿಸುವುದರಲ್ಲೇ ನನ್ನ ಗಮನ ಇತ್ತು.

ಅವರ ತರಗತಿಯ ಬಾಗಿಲ ಮೇಲೆಯೇ ಕರೆಂಟಿನ ಬೆಲ್ ಇದೆ. ಗೋಡೆಯ ಮೇಲೆ ಗಡಿಯಾರ. ಹನ್ನೆರಡೂವರೆಗೆ ಊಟದ ಬೆಲ್. ಹನ್ನೆರಡೂ ಇಪ್ಪತ್ತೈದರಿಂದ ಅವನು ಗಡಿಯಾರ ನೋಡಲು ಶುರು ಮಾಡುತ್ತಾನೆ. ಕೈ ಕಿವಿಯ ಹತ್ತಿರ ಹೋಗುತ್ತದೆ. ಬೆಲ್ ಹೊಡೆಯಲು ಒಂದೋ ಎರಡೋ ನಿಮಿಷ ಇರುವಾಗ ಎದ್ದು ಓಡುತ್ತಾನೆ.

ಟೀಚರಿಗೆ ಅವನು ಊಟಕ್ಕೆ ಓಡುತ್ತಾನೆ ಅನ್ನಿಸಿತ್ತು. ನನಗೂ ಹಾಗೇ ಹೇಳಿದ್ದರು, ನಾನೂ ನಂಬಿದ್ದೆ. ನನ್ನ ಮಗನಿಗೆ ಗಡಿಯಾರ ನೋಡಲು ಬರುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಆಫೀಸಿಗೆ ಹೋಗಿ ಹೇಳಿದೆ. ಒಬ್ಬ ಹುಡುಗನಿಗಾಗಿ ಬೆಲ್ ತೆಗೆಯಲು ಆಗುತ್ತದಾ ಎಂದರು. ತೆಗೆಯಬೇಡಿ, ಐದು ನಿಮಿಷ ಮೊದಲೇ ಅವನನ್ನು ಕೈ ತೊಳೆಯಲು ಕಳಿಸಿ ಅಂದೆ. ನೋಡೋಣ ಅಂದಿದ್ದಾರೆ.

ಧಾರವಾಡದ ಅಪ್ಪ

ಅಕ್ಕಾರೆ, ಈ ಮಾತುಕತೆಯಲ್ಲಿ ಇಷ್ಟು ಹೊತ್ತಾದರೂ ಅಪ್ಪ ಅನ್ನುವವನು ಎಲ್ಲೂ ಬಂದಿಲ್ಲ ನೋಡ್ರಿ. ನಮ್ಮ ಮನೆಯಲ್ಲೂ ಹಾಗೇ ಇತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಗನಿಗೆ ಈಗ ಹನ್ನೆರಡು. ಬುದ್ಧಿ ಬೆಳವಣಿಗೆ ನಿಧಾನ. ಮೊದಲ ಆರು ವರ್ಷ ನಾನು ಒಂದೇ ಒಂದು ಸಲ ಥೆರಪಿಗೆ ಹೋಗಿರಲಿಲ್ಲ. ದುಡ್ಡು ಕೊಡುತ್ತಿದ್ದೆ. ಕೊಟ್ಟರೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಮದುವೆ, ಸೀಮಂತಕ್ಕೆಲ್ಲ ಅವನನ್ನು ಕರೆದುಕೊಂಡು ಹೋಗಲು ನನಗೆ ನಾಚಿಕೆ ಆಗುತ್ತಿತ್ತು. ಹೆಂಡತಿಗೆ ಅದು ಗೊತ್ತಿತ್ತು. ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ.

ಅವಳಿಗೆ ಡೆಂಗ್ಯೂ ಬಂದು ಆಸ್ಪತ್ರೆ ಸೇರಿದಾಗ ಹದಿನೈದು ದಿನ ನಾವಿಬ್ಬರೇ. ಎರಡನೇ ದಿನ ಅವನು ಊಟ ಮಾಡಲಿಲ್ಲ. ಯಾಕೆ ಅಂತ ನನಗೆ ತಿಳಿಯಲಿಲ್ಲ. ರೊಟ್ಟಿಯನ್ನು ತುಂಡು ಮಾಡಿ ಕೊಟ್ಟಿದ್ದೆ, ಅವನಿಗೆ ಇಡೀ ರೊಟ್ಟಿಯೇ ಬೇಕಿತ್ತು. ಇಷ್ಟೂ ಗೊತ್ತಿರದ ಅಪ್ಪ ನಾನು. ಆ ರಾತ್ರಿ ತುಂಬಾ ಅತ್ತೆ.

ಈಗ ವಾರದ ಸಂತೆ ನಮ್ಮಿಬ್ಬರ ಕೆಲಸ. ಮೊದಲು ಅವನ ಕೈಗೆ ಹತ್ತು ರೂಪಾಯಿ ಒಂದೇ ಕೊಡುತ್ತಿದ್ದೆ. ಒಂದು ಮೆಂತ್ಯ ಸೊಪ್ಪಿನ ಕಟ್ಟು ತರಬೇಕು, ಅಷ್ಟೇ. ಅದನ್ನು ಕಲಿಯಲು ಐದು ತಿಂಗಳು ಬೇಕಾಯಿತು. ಈಗ ಐವತ್ತು ಕೊಟ್ಟರೆ ಚಿಲ್ಲರೆ ಕೇಳಿ ತರುತ್ತಾನೆ. ಕೂಡುವ ಕಳೆಯುವ ಲೆಕ್ಕ ಪುಸ್ತಕದಲ್ಲಿ ಬರುವುದಿಲ್ಲ. ಸೊಪ್ಪಿನವ್ವನ ಮುಂದೆ ಬರುತ್ತದೆ. ಇದನ್ನು ಅವನ ಟೀಚರಿಗೆ ಹೇಳಿದೆ. ಅವರು ತರಗತಿಯಲ್ಲಿ ನಿಜವಾದ ನಾಣ್ಯಗಳನ್ನೇ ಇಟ್ಟು ಲೆಕ್ಕ ಹೇಳಿಕೊಡಲು ಶುರು ಮಾಡಿದರು.

ನಿಮ್ಮ ಮನೆಯವರಿಗೆ ಇದನ್ನು ಓದಿ ಹೇಳಿ ಅಕ್ಕಾರೆ. ಮಂಡಿಯಿಂದ ಒಂದು ದಿನ ರಜೆ ಹಾಕಿ ಶಾಲೆಗೆ ಬರಲಿ. ನಿಮ್ಮ ಪಕ್ಕದಲ್ಲಿ ಅವರೂ ಕೂತರೆ ಅತ್ತೆಯವರ ಮಾತೂ ಬದಲಾಗುತ್ತದೆ.

ಉಡುಪಿಯಿಂದ

ನಾನು ಸ್ವಲ್ಪ ಬೇರೆ ಅಭಿಪ್ರಾಯ ಹೇಳುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬೇಡಿ.

ನನ್ನ ಮಗಳಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹತೋಟಿಗೆ ಸಿಗುವುದಿಲ್ಲ), ಜೊತೆಗೆ ಬುದ್ಧಿ ಬೆಳವಣಿಗೆಯ ತೊಂದರೆಯೂ ಇದೆ. ಎಲ್ಲ ಮಕ್ಕಳ ಜೊತೆ ಓದಲಿ ಎಂಬ ಆಸೆಯಿಂದ ಮೂರು ವರ್ಷ ಸಾಮಾನ್ಯ ಶಾಲೆಗೇ ಕಳಿಸಿದೆ. ಯಾರೂ ಕೆಟ್ಟವರಲ್ಲ. ಆದರೆ ಮೂರು ವರ್ಷವೂ ಅವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಇದ್ದಳು ಅಷ್ಟೇ. ಹಾಜರಿಯಲ್ಲಿ ಹೆಸರು ಇತ್ತು, ದಿನದಲ್ಲಿ ಅವಳಿಗೆ ಏನೂ ಕೆಲಸ ಇರಲಿಲ್ಲ. ಈಗ ವಿಶೇಷ ಶಾಲೆಗೆ ಹೋಗುತ್ತಾಳೆ. ತನ್ನ ಕೈಯಾರೆ ಚಮಚ ಹಿಡಿದು ಉಣ್ಣುತ್ತಾಳೆ. ವ್ಯಾನ್ ಬರುವ ಹೊತ್ತಿಗೆ ಬಾಗಿಲ ಕಡೆ ನೋಡಿ ನಗುತ್ತಾಳೆ. ಸಾಮಾನ್ಯ ಶಾಲೆಗೆ ಹೋಗುವಾಗ ಆ ನಗು ನಾನು ನೋಡಿರಲಿಲ್ಲ.

ವಿಶೇಷ ಶಾಲೆಗೆ ಹಾಕಿದವರನ್ನು ಮಗುವನ್ನು ದೂರ ಮಾಡಿದವರು ಎಂಬಂತೆ ಕೆಲವರು ನೋಡುತ್ತಾರೆ. ಅದು ತುಂಬಾ ನೋವು ಕೊಡುತ್ತದೆ. ಮೇಷ್ಟ್ರು ಹೇಳಿದ ಹಾಗೆ ಕಾಯ್ದೆಯೇ ಆಯ್ಕೆ ನಮಗೆ ಬಿಟ್ಟಿದೆ.

ಬಿಆರ್‌ಸಿ ಮೇಷ್ಟ್ರು, ಹಾಸನ

ಉಡುಪಿಯ ಅಕ್ಕ, ನೀವು ಹೇಳಿದ್ದನ್ನು ಒಪ್ಪುತ್ತೇನೆ. ಮಗು ಶಾಲೆಯ ಒಳಗೆ ಇದೆ ಅಂದ ಮಾತ್ರಕ್ಕೆ ಕಲಿಯುತ್ತಿದೆ ಎಂದಲ್ಲ. ಒಂದೇ ಪ್ರಶ್ನೆ ಕೇಳಿಕೊಳ್ಳಿ ಅಂತ ನಾನು ಪೋಷಕರಿಗೆ ಹೇಳುತ್ತೇನೆ: ಇವತ್ತು ಮಗು ಅಲ್ಲಿ ಏನು ಮಾಡಿತು? ಎಲ್ಲಿ ಓದುತ್ತದೆ ಎಂಬುದು ಆಮೇಲಿನ ಮಾತು. ಶಾಲೆಗೇ ಬರಲು ಆಗದಷ್ಟು ತೊಂದರೆ ಇರುವ ಮಕ್ಕಳಿಗೆ ಮನೆಯಲ್ಲೇ ಶಿಕ್ಷಣ ಕೊಡುವ ವ್ಯವಸ್ಥೆಯೂ ಇದೆ, ಆ ಮಕ್ಕಳ ಮನೆಗೆ ನಾವೇ ಹೋಗುತ್ತೇವೆ. ಆದರೆ ಶಾಲೆಗೆ ಬರಬಲ್ಲ ಮಗುವನ್ನು ಈ ನೆಪದಲ್ಲಿ ಮನೆಯಲ್ಲಿ ಕೂರಿಸಿಕೊಳ್ಳಲು ಒಪ್ಪಬೇಡಿ.

ನಲಿಕಲಿ ಟೀಚರ್

ಟೀಚರುಗಳ ಕಡೆಯಿಂದಲೂ ಒಬ್ಬರು ಬರೆಯಬೇಕು ಅನ್ನಿಸಿತು.

ನಾನು ಸರ್ಕಾರಿ ಶಾಲೆಯಲ್ಲಿ ನಲಿಕಲಿ ತೆಗೆದುಕೊಳ್ಳುತ್ತೇನೆ. ಒಂದು, ಎರಡು, ಮೂರನೇ ತರಗತಿ ಒಂದೇ ಕೋಣೆಯಲ್ಲಿ, ಒಟ್ಟು 31 ಮಕ್ಕಳು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಮ್ಮಂಥ ಶಿಕ್ಷಕರೇ ಸೇರಿ ಶುರು ಮಾಡಿದ ಪದ್ಧತಿ ಇದು. ಮಕ್ಕಳು ಗುಂಪಿನಲ್ಲಿ ನೆಲದ ಮೇಲೆ ಕೂತು, ಕಾರ್ಡು ಹಿಡಿದು, ಕಲಿಕಾ ಏಣಿಯಲ್ಲಿ ಒಬ್ಬೊಬ್ಬರೂ ತಮ್ಮ ವೇಗದಲ್ಲಿ ಹತ್ತುತ್ತಾರೆ. ಒಬ್ಬ ನಾಲ್ಕನೇ ಮೆಟ್ಟಿಲಲ್ಲಿ, ಇನ್ನೊಬ್ಬ ಹನ್ನೊಂದರಲ್ಲಿ. ಹಿಂದೆ ಬಿದ್ದ ಅನ್ನುವ ಮಾತೇ ಬರುವುದಿಲ್ಲ. ವಿಶೇಷ ಮಕ್ಕಳಿಗಾಗಿ ಮಾಡಿದ ಪದ್ಧತಿಯಲ್ಲ. ಆದರೂ ಅಂಥ ಮಕ್ಕಳಿಗೆ ಇಲ್ಲಿ ಜಾಗ ಸಿಗುತ್ತದೆ ಅಂತ ನನ್ನ ಅನುಭವ.

ಆದರೆ ನಮಗೂ ಭಯ ಇರುತ್ತದೆ. ನಮ್ಮಲ್ಲಿ ಹೆಚ್ಚಿನವರು ಬಿ.ಇಡಿ, ಡಿ.ಇಡಿ ಓದುವಾಗ ಇದನ್ನೆಲ್ಲ ಒಂದೆರಡು ಪಾಠದಲ್ಲಿ ಓದಿ ಮುಗಿಸಿದವರು. ಮಗು ನೆಲಕ್ಕೆ ತಲೆ ಚಚ್ಚಿಕೊಂಡರೆ ಏನು ಮಾಡಬೇಕು ಅಂತ ತಿಳಿಯದೆ ಕೈ ನಡುಗುತ್ತದೆ. ಆಗ ಉಳಿದ 30 ಮಕ್ಕಳು ನಮ್ಮನ್ನೇ ನೋಡುತ್ತಿರುತ್ತಾರೆ.

ಅಪ್ಪ ಅಮ್ಮ ನಮ್ಮ ಜೊತೆ ಕೂರುವುದು ಬೇಡ. ನಮಗೆ ಬೇಕಾಗಿರುವುದು ಒಂದು ಹಾಳೆ. ವರದಿ ಬೇಡ, ಐಕ್ಯೂ ಬೇಡ. ಇವನಿಗೆ ಏನು ಇಷ್ಟ, ಏನು ಆಗದು, ಹೊಟ್ಟೆ ಹಸಿದರೆ ಹೇಗೆ ಹೇಳುತ್ತಾನೆ, ಅಳು ಶುರುವಾಗುವ ಮೊದಲು ಮುಖದಲ್ಲಿ ಏನು ಕಾಣುತ್ತದೆ, ಅತ್ತರೆ ಏನು ಮಾಡಬಾರದು. ಇದನ್ನು ಡಾಕ್ಟರು ಬರೆಯಲಾರರು. ಏಳು ವರ್ಷ ಜೊತೆಯಲ್ಲಿ ಇದ್ದವರು ಬರೆಯಬೇಕು. ತಿಪಟೂರಿನ ಅಮ್ಮ, ಆ ಬೆಲ್ಲಿನ ವಿಷಯ ಬರೆದಿರಲ್ಲ, ಅಂಥದ್ದು.

ಮತ್ತೆ ಸರ್ಕಾರಿ ಶಾಲೆಗೆ ಸೇರಿಸಿದರೆ ಎಸ್‌ಡಿಎಂಸಿ (ಶಾಲೆಯ ಉಸ್ತುವಾರಿ ಸಮಿತಿ) ಸಭೆಗೆ ನೀವೂ ಬನ್ನಿ. ಇಳಿಜಾರು ದಾರಿ, ಶೌಚಾಲಯದ ಹಿಡಿ ಎಲ್ಲ ಅಲ್ಲೇ ತೀರ್ಮಾನ ಆಗುವುದು. ವಿಶೇಷ ಮಕ್ಕಳ ಪೋಷಕರು ಆ ಸಭೆಗೆ ಬರುವುದೇ ಕಡಿಮೆ.

ಹಿತೈಷಿ

ಆಟಿಸಂಗೆ ಈಗ ಸ್ಟೆಮ್ ಸೆಲ್ ಚಿಕಿತ್ಸೆ ಬಂದಿದೆಯಂತೆ. ಸಾಲ ಮಾಡಿಯಾದರೂ ಮಾಡಿಸಿ ಅಮ್ಮ, ಶಾಲೆಯ ಚಿಂತೆಯೇ ಇರುವುದಿಲ್ಲ.

ಬಿಆರ್‌ಸಿ ಮೇಷ್ಟ್ರು, ಹಾಸನ

ದಯವಿಟ್ಟು ಬೇಡ. ನೀವು ಒಳ್ಳೆಯ ಮನಸ್ಸಿನಿಂದ ಹೇಳಿದ್ದೀರಿ, ಅದು ಗೊತ್ತು. ಆಟಿಸಂಗೆ ಈ ಚಿಕಿತ್ಸೆಯನ್ನು ಶಿಫಾರಸು ಮಾಡುವುದಿಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಹೊಲ ಮಾರಿ ಮಾಡಿಸಿದವರನ್ನು ನಾನು ನೋಡಿದ್ದೇನೆ. ಮಗು ಹಾಗೇ ಇದೆ, ಹೊಲ ಹೋಯಿತು. ಆ ದುಡ್ಡಿನಲ್ಲಿ ಎಷ್ಟು ವರ್ಷದ ಸ್ಪೀಚ್ ಥೆರಪಿ ಆಗುತ್ತಿತ್ತು ಅಂತ ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ.

ಎಡಗೈ ಬರಹ

ಪೋಷಕರು, ಟೀಚರು ಎಲ್ಲ ಮಾತಾಡಿದರು. ನಾನು ಆ ಮಗುವಿನ ಜಾಗದಲ್ಲಿ ಇದ್ದವನು. ನನಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಬಲಗೈ ಆಡುವುದಿಲ್ಲ, ಮಾತು ಸ್ವಲ್ಪ ತೊದಲು. ಈಗ ಒಂದು ಬ್ಯಾಂಕಿನಲ್ಲಿ ಕೆಲಸ.

ನನ್ನ ಅಮ್ಮನಷ್ಟು ಕಷ್ಟಪಟ್ಟವರನ್ನು ನಾನು ನೋಡಿಲ್ಲ. ಐದನೇ ತರಗತಿಯ ತನಕ ನನ್ನ ಹೋಂವರ್ಕ್ ಅಮ್ಮನೇ ಬರೆಯುತ್ತಿದ್ದಳು. ಪ್ರೀತಿಯಿಂದಲೇ. ಆದರೆ ಪುಸ್ತಕ ತೆರೆದರೆ ಎಲ್ಲ ಅಮ್ಮನ ಅಕ್ಷರ. ನನ್ನದು ಅನ್ನುವುದು ಒಂದು ಸಾಲೂ ಇರಲಿಲ್ಲ. ಆರನೇ ತರಗತಿಯಲ್ಲಿ ಒಬ್ಬ ಮೇಷ್ಟ್ರು, ದಿನಕ್ಕೆ ಮೂರೇ ಸಾಲು ಬರಿ, ಆದರೆ ನೀನೇ ಬರಿ ಅಂದರು. ಅಪ್ಪ ಬಡಗಿಯ ಹತ್ತಿರ ಹೇಳಿ ಓರೆಯಾಗಿ ನಿಲ್ಲುವ ಒಂದು ಹಲಗೆ ಮಾಡಿಸಿದ. ಅದರ ಮೇಲೆ ಪುಸ್ತಕ ಕ್ಲಿಪ್ ಹಾಕಿ ಎಡಗೈಯಲ್ಲಿ ಬರೆಯಲು ಕಲಿತೆ. ಆ ಹಲಗೆ ಇನ್ನೂ ನನ್ನ ಹತ್ತಿರ ಇದೆ.

ಎಸ್ಸೆಸ್ಸೆಲ್ಸಿ ಬಂದಾಗ ಹೆಚ್ಚುವರಿ ಸಮಯ ಸಿಗುತ್ತದೆ ಅಂತ ಅಪ್ಪ ಎಲ್ಲಿಂದಲೋ ತಿಳಿದುಕೊಂಡು ಬಂದ. ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಎಲ್ಲ ಎಷ್ಟೋ ಸುಲಭ. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕು. ಬರೆಯಲು ಆಗದವರಿಗೆ ಬರಹಗಾರರು ಸಿಗುತ್ತಾರೆ. ಎರಡನೇ, ಮೂರನೇ ಭಾಷೆಯಿಂದ ವಿನಾಯಿತಿ ಕೊಡುವ ಮಾತು 2016ರ ಕಾಯ್ದೆಯಲ್ಲೇ ಇದೆ. ಇದನ್ನೆಲ್ಲ ಪರೀಕ್ಷೆಯ ಹಿಂದಿನ ತಿಂಗಳು ಕೇಳಿದರೆ ಆಗದು. ಒಂಬತ್ತನೇ ತರಗತಿಯಲ್ಲೇ ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡಿಡಿ. ರೆಗ್ಯುಲರ್ ಓದು ಭಾರ ಅನ್ನಿಸಿದರೆ ಎನ್‌ಐಒಎಸ್ ಮುಕ್ತ ಶಾಲೆ ಇದೆ. ಅಲ್ಲಿ ಎಲ್ಲ ವಿಷಯ ಒಟ್ಟಿಗೆ ಬರೆಯಬೇಕಾಗಿಲ್ಲ, ಒಂದೊಂದಾಗಿ ಐದು ವರ್ಷದೊಳಗೆ ಮುಗಿಸಬಹುದು.

ಕೊನೆಯದಾಗಿ ಪೋಷಕರಿಗೆ ಒಂದು ಬೇಡಿಕೆ. ಮಗುವಿನ ಎದುರಿಗೇ ಮಗುವಿನ ಬಗ್ಗೆ ಬೇರೆಯವರ ಹತ್ತಿರ ಮಾತಾಡಬೇಡಿ. ಮಾತು ಬರದ ಮಗು ಅಂದುಕೊಂಡು ಎಲ್ಲ ಹೇಳಿಬಿಡುತ್ತೀರಿ. ನಮಗೆ ಎಲ್ಲ ಕೇಳಿಸುತ್ತಿರುತ್ತದೆ.

ತಮ್ಮನ ಅಕ್ಕ

ಮೇಲಿನ ಅಣ್ಣನ ಕೊನೆಯ ಮಾತು ಓದಿ ನಾನೂ ಬರೆಯುತ್ತಿದ್ದೇನೆ. ನನ್ನ ತಮ್ಮನಿಗೆ ಡೌನ್ ಸಿಂಡ್ರೋಮ್. ನನಗೆ ಒಂಬತ್ತು ವರ್ಷ ಇದ್ದಾಗ ಅಜ್ಜಿ, ನಮ್ಮ ಕಾಲದ ನಂತರ ನೀನೇ ಇವನ ತಾಯಿ ಅಂದಳು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಎಷ್ಟೋ ವರ್ಷ ಆ ಮಾತನ್ನು ಒಬ್ಬಳೇ ಹೊತ್ತುಕೊಂಡಿದ್ದೆ. ತಮ್ಮನೆಂದರೆ ನನಗೆ ಪ್ರಾಣ. ಆದರೂ ಮನೆಯಲ್ಲಿರುವ ಇನ್ನೊಂದು ಮಗುವಿನ ಕಡೆಗೂ ನೋಡಿ. ನನ್ನ ಅಮ್ಮ ಆಮೇಲೆ ಪ್ರತಿ ಶನಿವಾರ ಸಂಜೆ ಒಂದು ಗಂಟೆ ನನಗೆ ಮಾತ್ರ ಅಂತ ಇಟ್ಟಳು. ಸುಮ್ನೆ ಕೆರೆ ಏರಿ ಮೇಲೆ ನಡೆದುಕೊಂಡು ಹೋಗಿ ಬರುತ್ತಿದ್ದೆವು, ಅಷ್ಟೇ. ಅದು ನನ್ನನ್ನು ಉಳಿಸಿತು.

ಮಗುವಿಗೆ 18 ತುಂಬುವ ಹೊತ್ತಿಗೆ ಕಾನೂನು ಪ್ರಕಾರ ಪಾಲಕರು ಯಾರು ಅನ್ನುವ ಪ್ರಶ್ನೆ ಬರುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ನ್ಯೂನತೆ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಸಮಿತಿಯಿಂದ ಅದನ್ನು ಮಾಡಿಸಿಕೊಳ್ಳಬೇಕು. ಅದೇ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿ ತನಕ ಚಿಕಿತ್ಸೆ, ಥೆರಪಿ ಖರ್ಚು ಸಿಗುತ್ತದೆ. ತಿಪಟೂರಿನ ಅಕ್ಕ, ಈ ವಿಮೆಗೆ 18 ಆಗುವ ತನಕ ಕಾಯಬೇಕಾಗಿಲ್ಲ, ಈಗಲೇ ಮಾಡಿಸಿ.

ತಿಪಟೂರಿನ ಅಮ್ಮ

ಎಲ್ಲರಿಗೂ ಕೈ ಮುಗಿಯುತ್ತೇನೆ. ಎರಡು ದಿನ ಉತ್ತರ ಬರೆಯಲಾಗಲಿಲ್ಲ. ಮನೆಯವರಿಗೆ ಧಾರವಾಡದ ಅಣ್ಣ ಬರೆದದ್ದನ್ನು ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಬೆಳಗ್ಗೆ ಅವರೇ ಮಗನಿಗೆ ಯೂನಿಫಾರ್ಮ್ ಹಾಕುತ್ತಿದ್ದರು.

ಟೀಚರ್ ಹೇಳಿದ ಹಾಳೆಯನ್ನು ರಾತ್ರಿ ಇಬ್ಬರೂ ಕೂತು ಬರೆದೆವು. ಇಲ್ಲಿ ಹಾಕುತ್ತಿದ್ದೇನೆ. ಬಿಟ್ಟುಹೋಗಿದ್ದು ಇದ್ದರೆ ಹೇಳಿ.

"ಇವನು ಉತ್ತರ ಕೊಡದಿದ್ದರೆ ಕೇಳಿಸಲಿಲ್ಲ ಎಂದಲ್ಲ. ಒಂದು ಸಲ ಹೇಳಿ ಹತ್ತು ಎಣಿಸುವಷ್ಟು ಕಾಯಿರಿ. ಮತ್ತೆ ಮತ್ತೆ ಹೇಳಿದರೆ ಅವನಿಗೆ ಎಲ್ಲ ಕಲಸಿಹೋಗುತ್ತದೆ.

ಬಸ್ ಸ್ಟ್ಯಾಂಡಿನ ಮಾತುಗಳನ್ನು ಸುಮ್ಮನೆ ಹೇಳುವುದಿಲ್ಲ. 'ಪ್ರಯಾಣಿಕರ ಗಮನಕ್ಕೆ' ಅಂದರೆ ನನ್ನ ಕಡೆ ನೋಡಿ ಅಂತ. 'ಹೊರಡಲು ಸಿದ್ಧವಾಗಿದೆ' ಅಂದರೆ ಸಾಕಾಯಿತು, ಮನೆಗೆ ಹೋಗಬೇಕು ಅಂತ. ಶರ್ಟಿನ ಕೊನೆಯ ಗುಂಡಿ ತಿರುಗಿಸಿದರೆ ಒಂದಕ್ಕೆ ಹೋಗಬೇಕು.

ಹಿಂದಿನಿಂದ ಬಂದು ಮುಟ್ಟಬೇಡಿ. ಎದುರಿಗೆ ಬಂದು ಕೈ ಚಾಚಿದರೆ ತಾನೇ ಹಿಡಿಯುತ್ತಾನೆ.

ಪೆನ್ಸಿಲ್ ಒತ್ತಿ ಹಿಡಿಯಲು ಬರುವುದಿಲ್ಲ, ಹಾಳೆ ಹರಿದರೆ ಅಳುತ್ತಾನೆ. ಸ್ಲೇಟು ಕೊಟ್ಟರೆ ಬರೆಯುತ್ತಾನೆ. ಬಳಪದ ಪುಡಿ ಕೈಗೆ ಅಂಟಿದರೆ ಆಗದು, ತೊಳೆದುಕೊಳ್ಳಲು ಬಿಡಿ.

ಮುಂದೆ ಏನು ಅಂತ ಗೊತ್ತಿದ್ದರೆ ಶಾಂತವಾಗಿರುತ್ತಾನೆ. ಪ್ರಾರ್ಥನೆ, ಪಾಠ, ಊಟ, ಆಟ, ಮನೆ ಎಂದು ಐದು ಚಿತ್ರದ ಪಟ್ಟಿ ಚೀಲದಲ್ಲಿ ಇದೆ. ಒಂದು ಮುಗಿದ ಮೇಲೆ ಆ ಚಿತ್ರ ತಿರುಗಿಸಲು ಹೇಳಿ.

ಜೋರು ಬೆಲ್ ಇವನಿಗೆ ನೋವು. ಹಟ ಅಲ್ಲ, ನಿಜವಾಗಿಯೂ ನೋವು.

ಅತ್ತಾಗ ಸಮಾಧಾನದ ಮಾತು ಬೇಡ. ಪಕ್ಕದಲ್ಲಿ ಸುಮ್ಮನೆ ಇದ್ದರೆ ಸಾಕು."

ಕೊನೆಯ ಸಾಲು ಮನೆಯವರು ಬರೆಸಿದ್ದು. ಅವರು ಇದನ್ನು ಯಾವಾಗ ಗಮನಿಸಿದ್ದರೋ ನನಗೆ ಗೊತ್ತಿಲ್ಲ.

ಎಡಗೈ ಬರಹ

ಒಂದೇ ಒಂದು ಸೇರಿಸಿ ಅಕ್ಕ. ಅವನಿಗೆ ಏನೇನು ಚೆನ್ನಾಗಿ ಬರುತ್ತದೆ ಅಂತ ಮೊದಲ ಸಾಲಿನಲ್ಲೇ ಬರೆಯಿರಿ. ಗಡಿಯಾರ ನೋಡುತ್ತಾನಲ್ಲ.

ತಿಪಟೂರಿನ ಅಮ್ಮ

ಐದು ವಾರದ ಮೇಲೆ ಬರೆಯುತ್ತಿದ್ದೇನೆ.

ಆ ಶಾಲೆಯವರು ಬೆಲ್ಲಿನ ವಿಷಯಕ್ಕೆ ಒಪ್ಪಿಕೊಂಡರು, ಆದರೆ ನಾನು ಕೂರಲೇಬೇಕು ಎಂಬ ಮಾತು ಬಿಡಲಿಲ್ಲ. ಜಗಳ ಮಾಡಿ ಅಲ್ಲೇ ಉಳಿಸಬಹುದಿತ್ತು. ಕಾಗದ ಎಲ್ಲ ತಯಾರಿತ್ತು. ಮನೆಯವರು, ಬೇಡ, ಅವನನ್ನು ಬೇಕು ಅನ್ನುವವರ ಹತ್ತಿರ ಬಿಡೋಣ ಅಂದರು. ಇದು ಸರಿಯೋ ತಪ್ಪೋ ಈಗಲೂ ಯೋಚನೆ ಬರುತ್ತದೆ. ಮೇಷ್ಟ್ರು ಬೇಸರ ಮಾಡಿಕೊಳ್ಳಬೇಡಿ.

ಈಗ ಸರ್ಕಾರಿ ಶಾಲೆ, ನಲಿಕಲಿ ತರಗತಿ. ಮೊದಲ ವಾರ ದಿನಕ್ಕೆ ಎರಡು ಗಂಟೆ ನಾನು ಇದ್ದೆ, ಎರಡನೇ ವಾರ ಮನೆಯವರು ಮೂರು ದಿನ ಇದ್ದರು, ಈಗ ಯಾರೂ ಇಲ್ಲ. ಇಷ್ಟೇ ದಿನ ಅಂತ ಮೊದಲೇ ಟೀಚರ್ ಹತ್ತಿರ ಮಾತಾಡಿಕೊಂಡಿದ್ದೆವು. ಅಲ್ಲಿ ಕಬ್ಬಿಣದ ಗಂಟೆ, ನಾಲ್ಕನೇ ತರಗತಿಯ ಒಬ್ಬ ಹುಡುಗಿ ಹೊಡೆಯುತ್ತಾಳೆ. ಟೈಮ್ ನೋಡಿ ಅವಳಿಗೆ ಹೇಳುವ ಕೆಲಸ ಇವನದು. ಹೇಳಿ, ಎರಡೂ ಕಿವಿ ಮುಚ್ಚಿಕೊಂಡು ಅಂಗಳದ ಕೊನೆಗೆ ಓಡಿಹೋಗಿ ನಿಲ್ಲುತ್ತಾನೆ. ಆಮೇಲೆ ತಾನೇ ವಾಪಸ್ ಬರುತ್ತಾನೆ.

ಎಲ್ಲ ಸರಿಹೋಯಿತು ಅಂತಲ್ಲ. ಕಳೆದ ಮಂಗಳವಾರ ಪಕ್ಕದ ಹುಡುಗನ ಕೈ ಕಚ್ಚಿದ್ದಾನೆ. ಆ ಹುಡುಗನ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆವು. ಯುಡಿಐಡಿಗೆ ಇನ್ನೂ ಒಂದು ಸಲ ತುಮಕೂರಿಗೆ ಹೋಗಬೇಕು.

ನಿನ್ನೆ ಕರೆದುಕೊಂಡು ಬರಲು ಹೋದಾಗ ಮಕ್ಕಳು ಆಡುತ್ತಿದ್ದರು. ಇವನು ಬೆನ್ನು ತಿರುಗಿಸಿ ನಿಂತಿದ್ದ. ಒಬ್ಬ ಹುಡುಗ "ಪ್ರಯಾಣಿಕರ ಗಮನಕ್ಕೆ" ಅಂತ ಕೂಗಿದ. ಅಣಕಿಸುತ್ತಿದ್ದಾನೆ ಅಂದುಕೊಂಡು ನನ್ನ ಎದೆ ಧಸಕ್ ಅಂತು. ಆ ಹುಡುಗ ಚೆಂಡು ಹಿಡಿದುಕೊಂಡು ನಿಂತಿದ್ದ. ಇವನು ತಿರುಗಿ ನೋಡಿದ ಮೇಲೆ ಎಸೆದ.

ನಲಿಕಲಿ ಟೀಚರ್

ಓದಿ ತುಂಬಾ ಸಂತೋಷವಾಯಿತು. ಆ ಐದು ಚಿತ್ರದ ಪಟ್ಟಿಯ ಫೋಟೋ ಹಾಕುತ್ತೀರಾ? ನನ್ನ ತರಗತಿಗೆ ಅಂಥ ಒಬ್ಬಳು ಹುಡುಗಿ ಬಂದಿದ್ದಾಳೆ. ಅವಳಿಗೂ ಒಂದು ಮಾಡಿ ಲ್ಯಾಮಿನೇಷನ್ ಮಾಡಿಸುತ್ತೇನೆ.

ತಿಪಟೂರಿನ ಅಮ್ಮ

ರಾತ್ರಿ ಹಾಕುತ್ತೇನೆ ಮೇಡಂ. ಲ್ಯಾಮಿನೇಷನ್ ಬೇಡ, ನಾನು ಮೊದಲು ಅದೇ ಮಾಡಿಸಿದ್ದೆ. ಬೆಳಕು ಬಿದ್ದು ಹೊಳೆದರೆ ಇವನು ಚಿತ್ರ ಬಿಟ್ಟು ಹೊಳಪನ್ನೇ ನೋಡುತ್ತಾನೆ. ಬ್ಲೌಸ್ ಪೀಸಿನ ರಟ್ಟಿನ ಮೇಲೆ ಅಂಟಿಸಿ, ಅಂಚಿಗೆ ಬಟ್ಟೆ ಇಟ್ಟು ಹೊಲಿದಿದ್ದೇನೆ. ನಿಮ್ಮ ಹುಡುಗಿಗೂ ಒಂದು ಹೊಲಿದು ಕಳಿಸಲಾ?